ಹಾಜಿ ಸುಲೈಮಾನರಿಗೆ ಎತ್ತಿಟ್ಟ ಹಾಳೆ

ಪಾಣೆಮಂಗಳೂರಿನ ಮೊಯಿದಿನ್ ಬ್ಯಾರಿಯ ನೆಲಕಡಲೆಗೆ ಬಹರೈನ್ ದೇಶದ ಮುಹರ್ರಕ್‌ನ ಬಸ್ ನಿಲ್ದಾಣದಲ್ಲಿ ಇದ್ದಕ್ಕಿದ್ದಂತೆ ಗಿರಾಕಿ ಹೆಚ್ಚಾದದ್ದು ೧೯೭೫ರ ಚಳಿಗಾಲದಲ್ಲಿ. ಉಪ್ಪುನೀರು ಚಿಮುಕಿಸಿ ಮರಳಿನಲ್ಲಿ ಹುರಿಯುವ ತನ್ನ ಕೈಗುಣವೇ ಕಾರಣ ಎಂದು ಆ ಪುಣ್ಯಾತ್ಮ ನಂಬಿದ. ಊರಿನಲ್ಲಿದ್ದ ಹೆಂಡತಿ ಹಲೀಮಮ್ಮನಿಗೂ ಹಾಗೆಂದೇ ಹೇಳಿಕಳಿಸಿ ಕೊಚ್ಚಿಕೊಂಡ. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಜನ ಬರುತ್ತಿದ್ದದ್ದು ಪೊಟ್ಟಣಕ್ಕೆ.

ಆ ವರ್ಷ ಬಹರೈನ್‌ನಲ್ಲಿ ಜನ ಆರಿಸಿದ್ದ ಸಭೆಯನ್ನು ಮುಚ್ಚಿದ್ದರು. ಬಾಯಿಬಿಟ್ಟವರು ಒಬ್ಬೊಬ್ಬರಾಗಿ ಒಳಗೆ ಹೋಗಿದ್ದರು. ಒಂದು ವಾರಪತ್ರಿಕೆಗೂ ಬೀಗ ಬಿದ್ದಿತ್ತು. ಅದರ ಹಳೆಯ ಸಂಚಿಕೆಗಳನ್ನು ಗೋಣಿಗೆ ತುಂಬಿ ರದ್ದಿಗೆ ಹಾಕಿದಾಗ, ಕಾಗದ ಗಟ್ಟಿಯಿದೆಯಲ್ಲ ಎಂದು ಮೊಯಿದಿನ್ ಪೊಟ್ಟಣ ಕಟ್ಟಲು ಕೊಂಡುಕೊಂಡಿದ್ದ. ಮದ್ರಸದಲ್ಲಿ ಬೆತ್ತದ ಪೆಟ್ಟು ತಿಂದು ಕುರ್‌ಆನ್ ಓದಲು ಕಲಿತವನಿಗೆ ಅರಬಿ ಅಕ್ಷರ ಚೆನ್ನಾಗಿ ಗೊತ್ತು. ಅರ್ಥ ಮಾತ್ರ ಯಾರೂ ಕಲಿಸಿರಲಿಲ್ಲ, ಇವನೂ ಕೇಳಿರಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಅರಬಿ ನಾಲಗೆಗೆ ಬಂದಿತ್ತು, ಅಷ್ಟೇ.

ಆದರೂ ಬೆಳಗ್ಗೆ ಕೂತು ಒಂದೊಂದೇ ಹಾಳೆಯ ಮೇಲೆ ಬೆರಳಾಡಿಸುತ್ತಿದ್ದ. ಅಲ್ಲಾಹನ ಹೆಸರಿದ್ದ ಹಾಳೆಯಲ್ಲಿ ಕಡಲೆ ಕಟ್ಟಿದರೆ ಅದು ಬೀದಿಗೆ ಬಿದ್ದು ಜನರ ಕಾಲಡಿಗೆ ಹೋಗುತ್ತದೆ. ಅಂಥ ಹಾಳೆಗಳನ್ನು ಬೇರೆ ತೆಗೆದು ಕಪಾಟಿನ ಮೇಲಿಡುತ್ತಿದ್ದ. ಅವನನ್ನು ಹೆತ್ತ ಉಮ್ಮ ಕಲಿಸಿದ್ದ ಮರ್ಯಾದೆ ಅದು.

ಒಂದು ದಿನ ಹಡಗು ಕಟ್ಟುವ ಬಡಗಿಯಾಗಿದ್ದ ಮುದುಕರು, ಹಾಜಿ ಸುಲೈಮಾನ್, ಪೊಟ್ಟಣ ತೆಗೆದುಕೊಂಡು ಎರಡು ಹೆಜ್ಜೆ ಹೋದವರು ನಿಂತುಬಿಟ್ಟರು. ಕಡಲೆಯನ್ನೆಲ್ಲ ಜೇಬಿಗೆ ಸುರಿದು, ಕಾಗದ ಬಿಡಿಸಿ, ಅದರಲ್ಲಿದ್ದ ಒಂದು ಸಣ್ಣ ಚಿತ್ರಕ್ಕೆ ಮುತ್ತಿಟ್ಟರು.

"ವಲದಿ," ಎಂದರು ಎದೆ ಮುಟ್ಟಿಕೊಂಡು. ನನ್ನ ಮಗ.

ಹರಕು ಹಿಂದಿಯಲ್ಲಿ ಉಳಿದದ್ದನ್ನೂ ಹೇಳಿದರು. ಮಗ ಆ ಪತ್ರಿಕೆಗೆ ವಾರವಾರ ಬರೆಯುತ್ತಿದ್ದ. ಅವನನ್ನು ಕರೆದೊಯ್ದವರು ಮನೆಯಲ್ಲಿದ್ದ ಅವನ ಬರಹ, ಪಟ, ಎಲ್ಲವನ್ನೂ ಹೊತ್ತೊಯ್ದರು. ಮುದುಕರಿಗೆ ಓದಲು ಬರುವುದಿಲ್ಲ. ಮಗನ ಮುಖ ನೋಡಬೇಕು, ಅಷ್ಟೇ.

ಅಂದಿನಿಂದ ಮೊಯಿದಿನ್ ಆ ಚಿತ್ರವಿದ್ದ ಹಾಳೆ ಸಿಕ್ಕಿದರೆ ಹಾಜಿಗೆಂದು ಎತ್ತಿಡತೊಡಗಿದ. ಮುದುಕರು ಬಂದಾಗ ಅದರಲ್ಲೇ ಕಡಲೆ ಕಟ್ಟಿ, "ಇನ್ನೊಂದು ಸಿಕ್ಕಿದೆ ಹಾಜಿ," ಎಂದು ಕಣ್ಣು ಮಿಟುಕಿಸುತ್ತಿದ್ದ.

ಇಂಥದ್ದು ಎಷ್ಟು ದಿನ ಗುಟ್ಟಾಗಿ ನಡೆದೀತು? ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಬಂದು ಕಡಲೆ ಗಾಡಿಯ ಸಮೇತ ಅವನನ್ನು ಎತ್ತಿಕೊಂಡು ಹೋದರು. ಮಾತು ತಿಳಿಸಿ ಹೇಳಲೆಂದು ಕರೆಸಿದ್ದು ಉಡುಪಿ ಕಡೆಯ ಗುಮಾಸ್ತ ಜಯರಾಜನನ್ನು. ಆ ಮನುಷ್ಯ ದನಿ ತಗ್ಗಿಸಿ ಹೇಳಿದ:

"ಬ್ಯಾರಿಗಳೇ, ನೀವು ಹಾಳೆ ಆರಿಸಿ ಆರಿಸಿ ಕೊಡ್ತೀರಂತೆ. ಓದಿಯೇ ಹಂಚಿದ್ದು ಅಂತ ಇವರ ಲೆಕ್ಕ. ನಂಗೆ ಓದ್ಲಿಕ್ಕೆ ಬರುದಿಲ್ಲ ಅಂತ ಒಂದು ಮಾತು ಹೇಳಿ ಮಾರಾಯ್ರೆ, ಬಿಟ್ಟುಬಿಡ್ತಾರೆ."

"ಅದು ಹೇಗೆ ಹೇಳುದು? ಕುರ್‌ಆನಿನ ಅಕ್ಷರ ಅದು. ಬರುದಿಲ್ಲ ಅಂತ ಹೇಳಿದ್ರೆ ನನ್ನ ನಾಲಗೆ ಬಿದ್ದುಹೋಗ್ಲಿಕ್ಕಿಲ್ವಾ?"

ಅಧಿಕಾರಿ ಒಂದು ಹಾಳೆ ಮುಂದಿಟ್ಟ. ಮೊಯಿದಿನ್ ತಡವರಿಸುತ್ತ, ಆದರೆ ಗಟ್ಟಿ ದನಿಯಲ್ಲಿ, ತಲೆಬರಹ ಓದಿಬಿಟ್ಟ! ಜಯರಾಜ ಹಣೆ ಚಚ್ಚಿಕೊಂಡ. ಅರ್ಥ ಗೊತ್ತಿಲ್ಲ ಎಂದರೆ ಆಮೇಲೆ ನಂಬುವವರು ಯಾರು?

"ಹಾಗಾದ್ರೆ ಎತ್ತಿಟ್ಟದ್ದು ಯಾರಿಗೆ ಅಂತ ಆದ್ರೂ ಹೇಳಿ. ಒಂದೇ ಒಂದು ಹೆಸರು. ಹೇಳಿದ್ರೆ ನಿಮ್ಮ ಕೆಲಸ ಉಳೀತದೆ, ಇಲ್ಲದಿದ್ರೆ ಊರಿಗೆ ಅಟ್ತಾರೆ."

ಮೊಯಿದಿನನ ಕಣ್ಣ ಮುಂದೆ ಹಲೀಮಮ್ಮ ಬಂದಳು, ಅರ್ಧ ಗೋಡೆ ಎದ್ದ ಮನೆ ಬಂತು. ಮುತ್ತಿಡಲು ಬಾಗಿದ ಬಿಳಿಗಡ್ಡವೂ ಬಂತು.

"ಕಡ್ಲೆ ತಿನ್ನುವವರಿಗೆ," ಎಂದ.

ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಪಾಸ್‌ಪೋರ್ಟಿಗೆ ಗಡೀಪಾರಿನ ಮೊಹರು ಬಿತ್ತು. ಟ್ರಂಕ್ ಕಟ್ಟಿಕೊಳ್ಳಲು ಕೋಣೆಗೆ ಬಿಟ್ಟಾಗ ಬಾಗಿಲಲ್ಲಿ ಪೊಲೀಸನಿದ್ದ. ನಾಳೆ ಹಾಜಿಗೆ ಕೊಡಬೇಕೆಂದು ಮಡಿಕೆ ಬೀಳದಂತೆ ಟ್ರಂಕಿನ ತಳದಲ್ಲಿ ಹಾಸಿದ್ದ ಹಾಳೆ ಅಲ್ಲೇ ಇತ್ತು. ತೆಗೆದರೆ ಕಾಣುತ್ತದೆ. ಅದರ ಮೇಲೆಯೇ ಬಟ್ಟೆ ತುಂಬಿದ.

ಊರಿನಲ್ಲಿ ಮತ್ತೆ ಅದೇ ಕಡಲೆ, ಪೇಟೆಯ ಮೂಲೆಯಲ್ಲಿ. ಗೋಡೆ ಅರ್ಧಕ್ಕೇ ನಿಂತಿತು. ಹಲೀಮಮ್ಮ ಸಿಟ್ಟು ಬಂದಾಗಲೆಲ್ಲ, "ಆ ದರಿದ್ರ ಕಾಗದವನ್ನು ಒಲೆಗೆ ಹಾಕಿ," ಎನ್ನುತ್ತಿದ್ದಳು. ಅವನು ಹಾಕಲಿಲ್ಲ. ಹೊರಗಿನ ಯಾರಿಗೂ ತೋರಿಸಲೂ ಇಲ್ಲ. ಊರಿನಲ್ಲೂ ಹೆದರಿಕೆ ಬಿಡಲಿಲ್ಲ ಅವನನ್ನು.

ಎಂಬತ್ತೆರಡರಲ್ಲಿ ಮುಹರ್ರಕ್‌ನಿಂದ ರಜೆಗೆ ಬಂದ ನೆರೆಮನೆಯ ಅಬ್ದುಲ್ಲ ಸುದ್ದಿ ತಂದ. ಹಾಜಿ ಸುಲೈಮಾನ್ ತೀರಿಕೊಂಡರಂತೆ. ಮಗ ಇನ್ನೂ ಹೊರಗೆ ಬಂದಿಲ್ಲ. ಆ ಕಡಲೆಯವನು ಎಲ್ಲಿ ಎಂದು ಮುದುಕರು ಬಸ್ ನಿಲ್ದಾಣದಲ್ಲಿ ತುಂಬ ದಿನ ಕೇಳುತ್ತಿದ್ದರಂತೆ.

ಅಂದು ಮೊಯಿದಿನ್ ಹಾಳೆಯನ್ನು ಮಸೀದಿಯ ಉಸ್ತಾದರ ಮುಂದೆ ಬಿಡಿಸಿದ.

"ಇದ್ರಲ್ಲಿ ಏನುಂಟು ಉಸ್ತಾದ್? ನನಗೆ ಅರ್ಥ ಬೇಕು."

ಉಸ್ತಾದರು ಕನ್ನಡಕ ಏರಿಸಿ ಓದಿದರು. "ಯಾವುದೋ ಓಣಿಯ ನಳ್ಳಿಯಲ್ಲಿ ನೀರು ಬರುದಿಲ್ಲವಂತೆ. ಹೆಂಗಸರು ದೂರದಿಂದ ಹೊತ್ತು ತರ್ತಾರಂತೆ. ಕೇಳುವವರಿಲ್ಲವಾ ಅಂತ ಬರೆದಿದ್ದಾನೆ."

"ಮತ್ತೆ?"

"ಮತ್ತೇನಿಲ್ಲ. ಅಷ್ಟೇ."

"ಸರಿ ನೋಡಿ ಉಸ್ತಾದ್. ಬೇರೆ ಏನಾದ್ರೂ ಇರ್ಬೇಕು."

ಉಸ್ತಾದರು ಮೊದಲಿನಿಂದ ಮತ್ತೊಮ್ಮೆ ಓದಿ ತಲೆಯಲ್ಲಾಡಿಸಿದರು. ಮೊಯಿದಿನ್ ಹಾಳೆಯ ಆ ಸಣ್ಣ ಚಿತ್ರದ ಮೇಲೆ ಕೈಯಿಟ್ಟು, ಮಸೀದಿಯ ಮೆಟ್ಟಿಲಲ್ಲಿ ಕೂತು ಗೊಳೋ ಎಂದು ಅತ್ತುಬಿಟ್ಟ.