ಸೀನಪ್ಪನವರ ನೆಗಡಿ

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದರೂ, ಸೀನುವುದನ್ನೇ ಕಸುಬು ಮಾಡಿಕೊಂಡಿದ್ದರಿಂದ ನಮ್ಮ ಕಚೇರಿಯ ಹಿರಿಯ ಗುಮಾಸ್ತರು ಎಲ್ಲರ ಬಾಯಲ್ಲೂ ಸೀನಪ್ಪನವರೇ. ಹಳೆಯ ಕಡತ ಬಿಚ್ಚಿದರೆ ಸೀನು, ಫ್ಯಾನು ಹಾಕಿದರೆ ಸೀನು, ಸಾಹೇಬರು ಸೆಂಟು ಹಾಕಿಕೊಂಡು ಬಂದರೆ ಸ್ವಾಗತಕ್ಕೆಂಬಂತೆ ಸಾಲುಸಾಲು ಸೀನು. ಮೇಜಿನ ಮೇಲೆ ಯಾರಾದರೂ ಹೂವಿಟ್ಟರೆ ಬಾಂಬು ಇಟ್ಟವರನ್ನು ನೋಡುವಂತೆ ನೋಡುತ್ತಾರೆ. "ನನ್ನ ತಪ್ಪಲ್ಲ ಸ್ವಾಮಿ," ಎಂದು ಮೂಗೊರೆಸಿಕೊಂಡೇ ಪಾಠ ಶುರುಮಾಡುತ್ತಾರೆ. "ಮಾಸ್ಟ್ ಕೋಶ ಅಂತ ಎಲ್ಲರ ಮೈಯಲ್ಲೂ ಕಾವಲಿಗಿರ್ತವೆ. 'ಸಾಕು, ಸುಮ್ಮನಿರು' ಅಂತ ಅವನ್ನ ತಡೆಯೋ ಸಂಕೇತಗಳೂ ಇರ್ತವೆ. ನಿಮ್ಮವು ಮಾತು ಕೇಳ್ತವೆ. ನನ್ನವು ಧೂಳು ಕಂಡರೂ ಕಳ್ಳ ಬಂದ ಅಂತ ಸೀನು ತರಿಸೋ ಹಿಸ್ಟಮಿನ್ ಸುರಿದುಬಿಡ್ತವೆ!" ಪಾಠ ಮುಗಿಯುವಷ್ಟರಲ್ಲಿ ಕಿಟಕಿ ಮುಚ್ಚಿಸಿ, ಪರದೆ ಬಿಚ್ಚಿಸಿ, ಪಕ್ಕದವರ ಉಣ್ಣೆ ಶಾಲನ್ನೂ ಬೀರುವಿಗೆ ಸೇರಿಸಿರುತ್ತಾರೆ. ಇಂಥವರ ಮನೆ ಆಸ್ಪತ್ರೆಯ ಹಾಗೆ ಫಳಫಳ ಅನ್ನುತ್ತಿರಬೇಕು ಎಂದುಕೊಂಡು ಒಂದು ಭಾನುವಾರ ಹೋದೆ. ಸೋಫಾದ ಮೇಲೆ ಅವರ ಪುಟ್ಟ ಮಗಳು. ಅವಳ ತೊಡೆಯ ಮೇಲೆ ಮೈತುಂಬ ಕೂದಲಿನ ದಪ್ಪ ಬೆಕ್ಕು. ಪಕ್ಕದಲ್ಲಿ ಕಣ್ಣು ಕೆಂಪಾಗಿ, ಮುಖ ಊದಿಕೊಂಡ ಸೀನಪ್ಪನವರು. "ಏನ್ರೀ ಇದು!" ಎಂದೆ. ನನ್ನನ್ನು ಅಡುಗೆಮನೆಗೆ ಎಳೆದೊಯ್ದು, ಮಾತ್ರೆ ನುಂಗುತ್ತ ಪಿಸುಗುಟ್ಟಿದರು: "ಅವಳಮ್ಮ ಸಾಕಿದ ಬೆಕ್ಕು. ಅಮ್ಮ ತೀರಿಕೊಂಡ ಮೇಲೆ ಮಗು ಅದನ್ನ ತಬ್ಬಿಕೊಂಡೇ ಮಲಗೋದು. ನನಗೆ ಆಗಿಬರಲ್ಲ ಅಂತ ಗೊತ್ತಾದ್ರೆ ತಾನೇ ಯಾರಿಗಾದ್ರೂ ಕೊಟ್ಟುಬಿಡ್ತಾಳೆ." ನಾವು ಹೊರಗೆ ಬಂದಾಗ ಮಗಳು ನನಗೆ ದೂರು ಹೇಳಿದಳು: "ಮಾಮ, ಅಪ್ಪನಿಗೆ ವರ್ಷಪೂರ್ತಿ ನೆಗಡಿ." "ಹೂಂ ಕಂದ, ಹಾಳು ನೆಗಡಿ," ಎಂದು ಸೀನಪ್ಪನವರು ಬೆಕ್ಕನ್ನೆತ್ತಿ ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡರು.