ಬಾಗಿಲಿಗೆ ಕಟ್ಟಿದ ನೂಲು

ಮೂವತ್ತೆಂಟು ವರ್ಷ ಮಹಾರಾಷ್ಟ್ರದ ಇಚಲಕರಂಜಿಯ ವಿದ್ಯುತ್ ಮಗ್ಗಗಳ ನಡುವೆ ನಿಂತವನ ಕಿವಿ ನೆಟ್ಟಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನವು ಎರಡೂ ಹೋಗಿವೆ. ಎದುರು ಕೂತು ಜೋರಾಗಿ ಮಾತಾಡಿದರೆ ತಿಳಿಯುತ್ತದೆ, ಬೆನ್ನ ಹಿಂದೆ ಹಲಗೆ ಬಾರಿಸಿದರೂ ತಿಳಿಯುವುದಿಲ್ಲ. ಕೆಲಸ ಬಿಟ್ಟ ಮೇಲೂ ಅದೇ ಊರಿಗೆ ಅಂಟಿಕೊಂಡ ಕಬನೂರಿನಲ್ಲೇ ಇದ್ದೇನೆ, ತಗಡು ಹೊದಿಸಿದ ಒಂದು ಬಾಡಿಗೆ ಖೋಲಿಯಲ್ಲಿ. ಮಕ್ಕಳಾಗಲಿಲ್ಲ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು.

ಮಗ್ಗದ ಶೆಡ್ಡು ನನಗೆ ಒಂದು ಚಟವನ್ನೂ ಅಂಟಿಸಿದೆ. ಬೇಸಿಗೆಯ ಒಣಗಾಳಿ ಒಳಗೆ ನುಗ್ಗಿದರೆ ಎಳೆಗಳು ಪಟಪಟ ಕಡಿಯುತ್ತವೆ. ಅದಕ್ಕೆ ಎಂಥ ಧಗೆಯಲ್ಲೂ ಕಿಡಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ನೇಯುತ್ತಿದ್ದೆವು. ಮನೆಯಲ್ಲೂ ನಾನು ಹಾಗೇ. ಬಿಸಿಲೇರಿದರೆ ಕಿಡಕಿ ಬಂದ್, ಬಾಗಿಲು ಬಂದ್. "ಇಲ್ಲೇನ ಮಗ್ಗ ಅದಾವೇನ್ರಿ?" ಎಂದು ಹೆಂಡತಿ ಬೈಯುತ್ತಿದ್ದಳು. ಈಗ ಬೈಯುವವರಿಲ್ಲ, ಚಟ ಮಾತ್ರ ಉಳಿದಿದೆ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಚ್ಚಲ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಬಿದ್ದೆ. ಎಚ್ಚರವಾದಾಗ ಸಂಜೆಯಾಗಿತ್ತು. ಎದ್ದು ಕೂತು ನೀರು ಕುಡಿದೆ. ನಾನು ಬಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಏಳದೆ ಹೋಗಿದ್ದರೂ ಗೊತ್ತಾಗುತ್ತಿರಲಿಲ್ಲ. ಬಿಸಿಲಿಗಿಂತ ಆ ವಿಚಾರಕ್ಕೇ ನಾನು ಹೆಚ್ಚು ಹೆದರಿದೆ.

ಈ ಬೇಸಿಗೆಯಲ್ಲಿ ಚಹಾದಂಗಡಿಯ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿದೆ, ತಗಡಿಗೆ ಸುಣ್ಣ ಬಳಿಯಿರಿ, ಮಧ್ಯಾಹ್ನ ಶಾಲೆಯ ದೊಡ್ಡ ಕೋಣೆಯಲ್ಲಿ ಫ್ಯಾನು, ತಣ್ಣೀರು ಇರುತ್ತದೆ, ಒಬ್ಬರೇ ಇರುವ ವಯಸ್ಸಾದವರ ಮನೆಗೆ ಆಶಾ ಕಾರ್ಯಕರ್ತೆ ದಿನಾ ಬಂದು ನೋಡಿ ಹೋಗುತ್ತಾಳೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಅಂದೇ ದವಾಖಾನೆಗೆ ಹೋಗಿ ಹೆಸರು ಬರೆಸಿದೆ. ಮನೆ ಮಾಲಕನ ಬೆನ್ನು ಬಿದ್ದು ತಗಡಿಗೆ ಸುಣ್ಣವನ್ನೂ ಬಳಿಸಿದೆ. ಖೋಲಿ ಸ್ವಲ್ಪ ತಣ್ಣಗಾದದ್ದು ಸುಳ್ಳಲ್ಲ.

ಮರುದಿನ ಎರಡು ಕಪ್ಪು ತೊಳೆದಿಟ್ಟು ಕಾದೆ. ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಸಿಟ್ಟು ನೆತ್ತಿಗೇರಿ ದವಾಖಾನೆಗೆ ಹೋಗಿ ಜಗಳ ತೆಗೆದೆ. ಆ ಕಾರ್ಯಕರ್ತೆ ಗಡಿಯ ಹಲಕರ್ಣಿ ಕಡೆಯ ಕನ್ನಡದ ಹೆಣ್ಣುಮಗಳು. ನನ್ನ ಮುಖದ ಹತ್ತಿರ ಬಂದು ಕೂಗಿ ಹೇಳಿದಳು: "ಎರಡೂ ದಿನ ಬಂದಿದ್ನಿರಿ ಕಾಕಾ. ಕೈ ನೋಯೂ ಮಟಾ ಬಾಗಲಾ ಬಡದೆ. ಕಿಡಕಿ ಸುದ್ದಾ ಹಾಕಿತ್ತು. ಊರಿಗಿ ಹೋಗ್ಯಾರ ಅಂತ ತಿಳಕೊಂಡೆ."

ಅವಳ ವಹಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಸಲ 'ಮನೆ ಬಂದ್' ಎಂದಿತ್ತು. ಬಾಗಿಲಿನಿಂದ ನಾಲ್ಕು ಮೊಳ ದೂರದಲ್ಲಿ ನಾನು ಅವಳಿಗಾಗಿಯೇ ಕಾಯುತ್ತ ಕೂತಿದ್ದೆ. ನಾಚಿಕೆಯಾಯಿತು.

ಮಗ್ಗದ ಸದ್ದಿನಲ್ಲಿ ಎಳೆ ಕಡಿದದ್ದು ಕೇಳಿಸುವುದಿಲ್ಲ; ಕಣ್ಣು, ಬೆರಳು ಹೇಳಬೇಕು. ಕಿವಿ ಇಲ್ಲದಿದ್ದರೇನು, ಬೆರಳು ಇವೆಯಲ್ಲ. ಮನೆಗೆ ಬಂದವನೇ ದಪ್ಪ ನೂಲನ್ನು ನಾಲ್ಕು ಎಳೆ ಮಾಡಿ ಹುರಿಗೊಳಿಸಿ, ಒಂದು ತುದಿಯನ್ನು ಬಾಗಿಲ ಸಂದಿಯಿಂದ ಹೊರಗೆ ಇಳಿಬಿಟ್ಟು, ಇನ್ನೊಂದನ್ನು ಮಣಿಕಟ್ಟಿಗೆ ಕಟ್ಟಿಕೊಂಡೆ. ಮತ್ತೆ ದವಾಖಾನೆಗೆ ಹೋಗಿ, ಬಂದರೆ ಅದನ್ನು ಜಗ್ಗು ಎಂದು ಅವಳಿಗೆ ಹೇಳಿಬಂದೆ. ನಕ್ಕಳು.

ಮರುದಿನ ಮಧ್ಯಾಹ್ನ ಕೈ ಜಗ್ಗಿತು. ನಾಲ್ಕು ವರ್ಷದಲ್ಲಿ ಯಾರಾದರೂ ನನ್ನ ಕೈ ಎಳೆದದ್ದು ಅದೇ ಮೊದಲು. ಕಣ್ಣು ತುಂಬಿತು. ಬೆವರು ಒರೆಸಿಕೊಂಡಂತೆ ಮಾಡಿ ಬಾಗಿಲು ತೆರೆದೆ.

ಅವಳಿಗೆ ಇನ್ನೂ ಹತ್ತಾರು ಮನೆ ಇರುತ್ತಿದ್ದವು. "ನೀರ ಕುಡದೀರೇನ್ರಿ?" ಎಂದು ಕೇಳುತ್ತಿದ್ದಳು. ಕುಡಿದೆ ಎಂದರೆ ಬರೆದುಕೊಂಡು ಹೊರಟುಬಿಡುತ್ತಿದ್ದಳು. ಇಲ್ಲ ಎಂದರೆ ಒಂದು ತಂಬಿಗೆ ಮುಗಿಯುವ ತನಕ ಎದುರು ಕೂಡುತ್ತಿದ್ದಳು. ಇದು ತಿಳಿದ ಮೇಲೆ ನಾನು ದಿನಾ ಇಲ್ಲ ಎನ್ನತೊಡಗಿದೆ. ಹೊಟ್ಟೆ ತುಂಬ ನೀರಿದ್ದರೂ ಗುಟುಕು ಗುಟುಕಾಗಿ ಕುಡಿಯುತ್ತ, ನಮ್ಮ ಕಡೆಯ ಗಡಹಿಂಗ್ಲಜದ ಸಂತೆ, ಹೆಂಡತಿಯ ಬೈಗುಳ ಎಲ್ಲ ಹೇಳುತ್ತಿದ್ದೆ.

ಒಂದು ದಿನ ಅವಳು ಹೇಳಿದಳು: "ಕಾಕಾ, ನೀವು ಮೊದಲ ಕುಡದಿರತೀರಿ. ನಂಗ ಗೊತ್ತೈತಿ. ಸಾವಕಾಶ ಕುಡೀರಿ."

ಜೂನಿನಲ್ಲಿ ಮಳೆ ಹಿಡಿಯಿತು. ಓಣಿಯೆಲ್ಲ ಉಸಿರಾಡಿತು. ಅವಳು ಛತ್ರಿ ಹಿಡಿದು ಬಂದು ನೂಲು ಜಗ್ಗಿ, ಹೊಸ್ತಿಲಾಚೆಯೇ ನಿಂತು, "ಬಿಸಲ ಮುಗೀತ್ರಿ ಕಾಕಾ, ಇನ್ನ ಬ್ಯಾಸಗ್ಯಾಗ ಬರ್ತೇನಿ" ಎಂದಳು. "ಛಲೋ ಆತವಾ, ಭಾಳ ಸುಡತಿತ್ತು" ಎಂದೆ.

ಜನ್ಮವಿಡೀ ಬೇಸಿಗೆಯನ್ನು ಶಪಿಸಿದವನು ನಾನು. ಮೊನ್ನೆ ನೋಡಿದರೆ ನೂಲಿನ ಹೊರಗಿನ ತುದಿ ಮಳೆಗೆ ನೆನೆದು ಕೊಳೆತಿತ್ತು. ಬಿಚ್ಚಿ ಹೊಸದು ಕಟ್ಟಿದ್ದೇನೆ. ಬೇಸಿಗೆಗೆ ಇನ್ನೂ ಎಂಟು ತಿಂಗಳಿದೆ.