ಗೆರೆ ಬಿದ್ದ ಕ್ಯಾನಾ

ಇಲ್ಲ, ಆ ಹೂವಿನಲ್ಲಿ ಹಳದಿಯ ಮೇಲೆ ಕೆಂಪು ಗೆರೆಯಲ್ಲ, ಕೆಂಪಿನ ಮೇಲೆ ಹಳದಿ. ಅಥವಾ ಅಕ್ಕ ಹಾಗೆ ಹೇಳಿದ ಮೇಲೆ ನನಗೂ ಹಾಗೇ ಕಾಣತೊಡಗಿತೇನೋ. ನಮ್ಮ ಹಳ್ಳಿ ಮಧುರೆಯ ಮನೆಯಲ್ಲಿ ಬಚ್ಚಲ ನೀರು ಹರಿಯುವ ಕಡೆ ಅಮ್ಮನ ಕ್ಯಾನಾ ಗಿಡಗಳಿದ್ದವು. ಬಾಳೆಯಂಥ ಎಲೆ, ಎದೆಯೆತ್ತರ. ಆ ಎದೆ ಆಗಿನ ನನ್ನದೋ ಅಮ್ಮನದೋ, ಹೇಳಲಾರೆ.

ಗೌರಿ ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ಅಮ್ಮ ಎಲೆ ಅಡಿಕೆಯ ಜೊತೆ ಒಂದು ತುಂಡು ಗೆಡ್ಡೆಯನ್ನೂ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದಳು. ಗೆರೆ ಬಿದ್ದ ಹೂವಿನ ಗೆಡ್ಡೆ ಮಾತ್ರ. ಪಕ್ಕದಲ್ಲಿ ಸಾದಾ ಕೆಂಪಿನದು ಅರಳಿದರೆ ಬುಡಸಮೇತ ಕಿತ್ತು ತಿಪ್ಪೆಗೆ ಎಸೆಯುತ್ತಿದ್ದಳು. "ಅಂಥದ್ದು ಬಸ್‌ಸ್ಟಾಂಡಲ್ಲೂ ಐತೆ" ಅನ್ನುತ್ತಿದ್ದಳು.

ಅಮ್ಮ ತೀರಿಕೊಂಡಳು. ಮಧುರೆಯ ಮನೆ ಕೆಡವಿ ಕಟ್ಟುವಾಗ ಗಿಡಗಳೂ ಹೋದವು. ನಮಗೆ ಉಳಿದದ್ದು ಪಕ್ಕದ ತಾಲ್ಲೂಕಿನ ವಿಜಯಪುರದಲ್ಲಿ ಅಕ್ಕನ ಮನೆಯಂಗಳದ ಒಂದು ಪೊದೆ. ಹೋದ ವರ್ಷ ಅದರ ಎಲೆಗಳಲ್ಲೆಲ್ಲ ಹಳದಿ ಪಟ್ಟೆ ಬಂತು, ಅಂಚು ಒಣಗಿತು, ಗಿಡ ಮೊಣಕಾಲು ದಾಟಲಿಲ್ಲ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ, ತೋಟಗಾರಿಕೆ ಓದುತ್ತಿರುವ ಹುಡುಗಿಯನ್ನು ಅಕ್ಕ ಕರೆದು ತೋರಿಸಿದಳು. ನಾನೂ ಅಲ್ಲೇ ಇದ್ದೆ.

"ವೈರಸ್ ಆಂಟಿ. ಇದಕ್ಕೆ ಔಷಧಿ ಇಲ್ಲ. ಗೆಡ್ಡೆಯಲ್ಲೇ ಇರುತ್ತೆ, ಕಿತ್ತು ಸುಟ್ಬಿಡಿ. ಹೂವಿನ ಗೆರೆನೂ ಅದರದ್ದೇ ಇರ್ಬೇಕು."

"ಗೆರೆ ಐತೆ ಅಂತಲೇ ಕಣಮ್ಮ ನಮ್ಮಮ್ಮ ಇದನ್ನ ಸಾಕಿದ್ದು" ಎಂದಳು ಅಕ್ಕ.

ಭಾವ, "ನಿಮ್ಮಮ್ಮ ಅರಿಶಿನ ಕುಂಕುಮದ ಜೊತೆ ರೋಗಾನೂ ಹಂಚವ್ರೆ ಬಿಡು" ಎಂದರು. ನಗಿಸಲು ಹೇಳಿದ್ದು. ಅಕ್ಕ ನಗಲಿಲ್ಲ. ಅಮ್ಮನ ಕೈ ತಾಗಿದ ಒಂದಾದರೂ ಗೆರೆಯಿಲ್ಲದ ಆರೋಗ್ಯದ ಗಿಡ ಎಲ್ಲಾದರೂ ಇದ್ದೀತು ಎಂದು ಗೆಡ್ಡೆ ಒಯ್ದವರಿಗೆಲ್ಲ ಫೋನ್ ಮಾಡಿದಳು. ಕೊನೆಗೆ ಮಧುರೆಯ ಚಿಕ್ಕಮ್ಮನಿಗೆ.

"ಸಾದಾ ಕೆಂಪಿಂದಾ? ನಮ್ಮಲ್ಲೂ ಇತ್ತು ಕಣೇ. ನಿಮ್ಮಮ್ಮನೇ ಬಂದು ಕಿತ್ತು ಬಿಸಾಕಿ ಹೋದ್ಲು, ಏನ್ ಟೇಸ್ಟೇ ನಿಂದು ಅಂತ ನನ್ನೇ ಬೈದು. ಈಗಿರೋದೆಲ್ಲ ಮುರುಟ್ಕೊಂಡೈತೆ."

ಅಕ್ಕ ಫೋನ್ ಇಟ್ಟು ಗುದ್ದಲಿ ತಂದಳು. ನಾನು ಕೈ ಹಾಕಹೋದರೆ ಬಿಡಲಿಲ್ಲ. ಹಸಿ ಗೆಡ್ಡೆಗೆ ಉರಿ ಹತ್ತಲಿಲ್ಲ, ಬರೀ ಹೊಗೆ. ತೆಂಗಿನ ಗರಿ ಹಾಕಿ ಹಾಕಿ ಊದಿದಳು. ಕಣ್ಣೊರೆಸಿಕೊಂಡಳು, ಹೊಗೆಗೇ ಇರಬಹುದು.

ಗೆರೆ ಬರುವ ಮೊದಲು ನಮ್ಮ ಬಚ್ಚಲ ಪಕ್ಕ ಸಾದಾ ಕೆಂಪು ಹೂ ಇತ್ತೆಂದು ಆಮೇಲೆ ನನಗೆ ಬಲವಾಗಿ ಅನ್ನಿಸಿತು. ಅಕ್ಕನನ್ನು ಕೇಳಿದೆ. ಅವಳಿಗೆ ನೆನಪಿಲ್ಲ. ಅಮ್ಮನಿಗೆ ಮೊದಲ ಗೆಡ್ಡೆ ಕೊಟ್ಟವರು ಯಾರು, ಅದು ಆಗಲೇ ಗೆರೆ ಹೊತ್ತು ಬಂದಿತ್ತೇ ಎನ್ನುವುದು ನನಗೂ ಗೊತ್ತಿಲ್ಲ.